ತುಂಬು ಬಸುರಿ ಎಷ್ಟು ನಡೆಯಬೇಕು?

ನೀಲಗಿರಿಯ ಗುಡಲೂರಿನ ಸುತ್ತಲ ಚಹಾ ತೋಟಗಳಲ್ಲಿ ಎಲೆ ತೂಕ ಹಾಕುವ ಹೊತ್ತು. ಸೊಂಟಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿ, ಬೆನ್ನ ಮೇಲೆ ಹಸಿ ಎಲೆಯ ಮೂಟೆ ಹೊತ್ತ ಹೆಂಗಸರು ಇಳಿಜಾರಿನಲ್ಲಿ ಒಬ್ಬರ ಹಿಂದೊಬ್ಬರು ಇಳಿದು ಬರುತ್ತಾರೆ. ಅವರಲ್ಲಿ ಏಳು ತಿಂಗಳ ಬಸುರಿಯಿದ್ದರೆ ಅವಳ ಹೆಜ್ಜೆಯೇ ಹೇಳುತ್ತದೆ. ಪಾದವನ್ನು ಅಡ್ಡಡ್ಡ ಊರುತ್ತಾಳೆ. ಮೂಟೆ ಹಿಂದಕ್ಕೆ ಎಳೆಯುತ್ತದೆ, ಹೊಟ್ಟೆ ಮುಂದಕ್ಕೆ ಎಳೆಯುತ್ತದೆ. ಒಂದು ಕೈ ಮೂಟೆಯ ಪಟ್ಟಿಯ ಮೇಲಿದ್ದರೆ ಇನ್ನೊಂದು ಕೈ ಪಕ್ಕದ ಗಿಡ ಹಿಡಿಯುತ್ತದೆ. ತೂಕ ಮುಗಿದು ಲೆಕ್ಕ ಬರೆಸಿದ ಮೇಲೆ ಮತ್ತೆ ಅದೇ ಏರು ಹತ್ತಬೇಕು.

ಅದೇ ಹೊತ್ತಿಗೆ ಉದಕಮಂಡಲದ ಪೇಟೆಯ ಮನೆಯಲ್ಲೋ, ಬೆಟ್ಟದ ಕೆಳಗೆ ಗುಂಡ್ಲುಪೇಟೆಯ ತವರಿನಲ್ಲೋ ಇನ್ನೊಬ್ಬ ತುಂಬು ಬಸುರಿಯನ್ನು ಮಂಚದಿಂದ ಇಳಿಯಲೂ ಬಿಡುವುದಿಲ್ಲ. ಕೊಡ ಎತ್ತಬೇಡ, ಬಾಗಬೇಡ, ಮೆಟ್ಟಿಲು ಹತ್ತಬೇಡ. ಹೆರಿಗೆಯಾದ ಮೇಲಂತೂ ಕೋಣೆಯ ಕಿಟಕಿಯನ್ನೂ ಮುಚ್ಚುತ್ತಾರೆ. ‘ಎದ್ದು ಓಡಾಡ್‌ಬ್ಯಾಡ ಕಣವ್ವ, ನಂಜಾಯ್ತದೆ’ ಎನ್ನುವ ಅಜ್ಜಿಯ ಮಾತಿನಲ್ಲಿ ಪ್ರೀತಿಯೂ ಇದೆ, ಕಂಡುಂಡ ಭಯವೂ ಇದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿ ಈ ಇಬ್ಬರಿಗೂ ಅನ್ವಯಿಸುತ್ತದೆ. ತೊಂದರೆ ಇಲ್ಲದ ಬಸುರಿ, ಬಾಣಂತಿಯರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವೇಗದ ಚಟುವಟಿಕೆ ಮಾಡಬೇಕು ಎನ್ನುತ್ತದೆ ಅದು. ಇದರಿಂದ ಬಸುರಿನ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅತಿಯಾಗಿ ಮೈ ಬರುವುದು ಕಡಿಮೆಯಾಗುತ್ತವೆ; ಹೆರಿಗೆಯ ನಂತರದ ಖಿನ್ನತೆಯೂ ತಗ್ಗುತ್ತದೆ. ಮಾತು ಸರಿಯೇ. ಆದರೆ ಎಲೆ ಕೀಳುವವಳಿಗೆ ಇದನ್ನು ಹೇಳಿದರೆ ‘ಇನ್ನೂ ನಡೆಯಬೇಕಾ?’ ಎಂದು ಕೇಳಿಯಾಳು. ಮಂಚದ ಮೇಲಿರುವವಳಿಗೆ ಹೇಳಿದರೆ ‘ಅತ್ತೇನ ಕೇಳ್ಬೇಕು’ ಎಂದಾಳು.

ದುಡಿಮೆಯಲ್ಲೂ ವ್ಯಾಯಾಮದಲ್ಲೂ ಕೈಕಾಲು ಆಡುತ್ತವೆ. ಆದರೆ ವ್ಯಾಯಾಮ ಮಾಡುವವಳು ಸುಸ್ತಾದಾಗ ನಿಲ್ಲಿಸಬಹುದು. ಎಲೆಯ ತೂಕಕ್ಕೆ ಕೂಲಿ ಪಡೆಯುವವಳಿಗೆ ನಿಂತ ನಿಮಿಷ ನಷ್ಟದ ನಿಮಿಷ. ಕೋಣೆಯೊಳಗೆ ಕೂತವಳದು ಇದರ ಇನ್ನೊಂದು ಮುಖ: ಅವಳಿಗೆ ಶುರು ಮಾಡುವ ಅಧಿಕಾರವಿಲ್ಲ. ತನ್ನ ಮೈ ಯಾವಾಗ ಆಡಬೇಕು, ಯಾವಾಗ ಒರಗಬೇಕು ಎನ್ನುವುದು ಇಬ್ಬರ ಕೈಯಲ್ಲೂ ಇಲ್ಲ. ಬಸುರಿ ಎಷ್ಟು ನಡೆಯಬೇಕು ಎಂದು ಕೇಳುವ ಮುಂಚೆ ನಾವು ಸರಿಪಡಿಸಬೇಕಾದದ್ದು ಇದನ್ನು.

ದುಡಿಮೆಯೇ ವ್ಯಾಯಾಮ, ಗದ್ದೆ ತೋಟದಲ್ಲಿ ಕೆಲಸ ಮಾಡಿದವಳಿಗೆ ಹೆರಿಗೆ ಸಲೀಸು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಪುಣೆಯ ಬಳಿಯ ಆರು ಹಳ್ಳಿಗಳಲ್ಲಿ ಬಸುರಿಯರನ್ನು ಅನುಸರಿಸಿ ನಡೆಸಿದ ದೊಡ್ಡ ಅಧ್ಯಯನ ಇದನ್ನು ಅಲುಗಾಡಿಸಿತು. ಹೊಲದ ಕೆಲಸ, ನೀರು ಹೊರುವುದು, ಮನೆಗೆಲಸ ಎಲ್ಲವನ್ನೂ ಲೆಕ್ಕ ಹಿಡಿದು 2003ರಲ್ಲಿ ಪ್ರಕಟವಾದ ವರದಿಯಲ್ಲಿ, ಹೆಚ್ಚು ದುಡಿದ ತಾಯಂದಿರ ಕೂಸುಗಳು ಹುಟ್ಟುವಾಗ ಸಣ್ಣದಾಗಿದ್ದವು. ಉಣ್ಣುವುದು ಅಷ್ಟಕ್ಕಷ್ಟೇ ಇರುವ ಮೈಯಲ್ಲಿ ದುಡಿಮೆಗೆ ಹೋದ ಶಕ್ತಿ ಕೂಸಿನ ಪಾಲಿನದು. ದೇಶದ ಬಸುರಿಯರಲ್ಲಿ ಶೇ 52.2 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇಂಥ ಮೈಗೆ ಮೊದಲು ಬೇಕಾದದ್ದು ಊಟ, ಕಬ್ಬಿಣದ ಮಾತ್ರೆ ಮತ್ತು ವಿಶ್ರಾಂತಿ. ನಡಿಗೆಯ ಮಾತು ಅದರ ನಂತರ.

ಕಾಯ್ದೆಗೆ ಇದು ಗೊತ್ತಿಲ್ಲದ್ದೇನಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಪ್ರಕಾರ ಹೆರಿಗೆಯಾದ ಆರು ವಾರ ಯಾವ ಮಾಲೀಕನೂ ಬಾಣಂತಿಯಿಂದ ಕೆಲಸ ಮಾಡಿಸುವಂತಿಲ್ಲ. 2017ರ ತಿದ್ದುಪಡಿ ಮೊದಲೆರಡು ಹೆರಿಗೆಗೆ ಸಂಬಳ ಸಹಿತ ರಜೆಯನ್ನು 26 ವಾರಕ್ಕೆ ಏರಿಸಿತು. ಕೂಸಿಗೆ 15 ತಿಂಗಳಾಗುವ ತನಕ ಹಾಲೂಡಲು ದಿನಕ್ಕೆ ಎರಡು ಬಿಡುವು ಕೊಡಬೇಕು. ಈಗ ಇವೆಲ್ಲ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಇದರಲ್ಲೇ ಹೆಚ್ಚು ಮಂದಿಗೆ ತಿಳಿಯದ ಇನ್ನೊಂದು ನಿಯಮವಿದೆ. ಹೆರಿಗೆಗೆ ಮುಂಚಿನ ಆರು ವಾರ, ಅದಕ್ಕೂ ಹಿಂದಿನ ಒಂದು ತಿಂಗಳು, ಅಂದರೆ ಸುಮಾರು 30ನೇ ವಾರದಿಂದ, ಬಸುರಿಗೆ ಕಷ್ಟದ ಕೆಲಸ, ತುಂಬ ಹೊತ್ತು ನಿಂತು ಮಾಡುವ ಕೆಲಸ ಕೊಡಬಾರದು. ಆದರೆ ಅವಳು ಬಾಯಿಬಿಟ್ಟು ಕೇಳಿದರೆ ಮಾತ್ರ. ಮೇಸ್ತ್ರಿಯ ಮುಂದೆ ನಿಂತು ‘ನನಗೆ ಏರು ಬೇಡ, ಹಗುರ ಕೆಲಸ ಕೊಡಿ’ ಎಂದು ಕೇಳುವ ಧೈರ್ಯ ದಿನಗೂಲಿಯವಳಿಗೆ ಎಲ್ಲಿಂದ ಬರಬೇಕು? ಕೇಳಿದವಳನ್ನು ನಾಳೆ ಕರೆಯದೇ ಇದ್ದರೆ? ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದ ದಾಖಲೆ ಇಲ್ಲದಿದ್ದರೆ ರಜೆಯ ಸಂಬಳವೂ ಇಲ್ಲ. ನೀಲಗಿರಿಯಲ್ಲಿ ದೊಡ್ಡ ಎಸ್ಟೇಟುಗಳಷ್ಟೇ ಅಲ್ಲ, ಸಣ್ಣ ಬೆಳೆಗಾರರ ಸಾವಿರಾರು ತುಂಡು ತೋಟಗಳಿವೆ. ಅಲ್ಲಿ ಕೂಲಿಗೆ ಬರುವವಳ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ? ತನ್ನದೇ ತೋಟದಲ್ಲಿ ಎಲೆ ಕೀಳುವ ಮನೆಯೊಡತಿಗೆ ರಜೆ ಕೊಡುವವರು ಯಾರು?

ತೋಟದ ಆಡಳಿತಕ್ಕೆ ಬಸುರಿಯ ಲೆಕ್ಕ ಇಡುವುದು ಹೊಸದಲ್ಲ. 1971ರಲ್ಲಿ ಕೂನೂರಿನ ಉಪಾಸಿ, ಅಂದರೆ ದಕ್ಷಿಣ ಭಾರತದ ತೋಟ ಮಾಲೀಕರ ಸಂಘ, ನೀಲಗಿರಿಯ ಕೆಲವು ಚಹಾ ತೋಟಗಳಲ್ಲಿ ಒಂದು ಯೋಜನೆ ತಂದಿತ್ತು. ಹೆಣ್ಣಾಳು ಬಸುರಾಗದೆ ಇದ್ದಷ್ಟು ಕಾಲ ಅವಳ ಹೆಸರಿನಲ್ಲಿ ತಿಂಗಳು ತಿಂಗಳು ಹಣ ಜಮಾ ಮಾಡುವ ಯೋಜನೆ ಅದು. ಹೆರದೆ ಇರುವುದಕ್ಕೆ ಖಾತೆ ತೆರೆಯಲು ಬಂದದ್ದು, ಏಳು ತಿಂಗಳು ತುಂಬಿದವಳ ಬೆನ್ನಿನಿಂದ ಮೂಟೆ ಇಳಿಸಲು ಬಾರದೇ?

ಏಳು ತಿಂಗಳ ಮಹತ್ವ ಈ ಬೆಟ್ಟದ ಜನಕ್ಕೆ ಯಾರೂ ಕಲಿಸಿಕೊಡಬೇಕಿಲ್ಲ. ಬಡಗರಲ್ಲಿ ಚೊಚ್ಚಲ ಬಸುರಿಯ ಏಳನೇ ತಿಂಗಳಲ್ಲಿ ಗಂಡ ಅವಳ ಕೊರಳಿಗೆ ದಾರ ಕಟ್ಟುವ ಕಣ್ಣಿ ಶಾಸ್ತ್ರವಿದೆ. ತೊದವರಲ್ಲಿ ಏಳನೇ ತಿಂಗಳಿಗೆ ಗಂಡ ಹೆಂಡತಿಗೆ ಬಿಲ್ಲು ಬಾಣ ಕೊಟ್ಟು, ಹುಟ್ಟುವ ಕೂಸಿಗೆ ತಾನು ಹೊಣೆ ಎಂದು ಎಲ್ಲರೆದುರು ಒಪ್ಪಿಕೊಳ್ಳುತ್ತಾನೆ. ನಮ್ಮ ಕಡೆ ಸೀಮಂತ. ಕಾಯ್ದೆ ಹೇಳುವ 30ನೇ ವಾರವೂ ಏಳು ತಿಂಗಳು ತುಂಬುವ ಹೊತ್ತೇ. ಹಸಿರು ಬಳೆ ತೊಡಿಸುವ ದಿನವೇ ಗಂಡ, ಅತ್ತೆ, ಮಾವ ಕೂತು ಇನ್ನು ಮುಂದೆ ನೀರು ಯಾರು ತರಬೇಕು, ಸೌದೆ ಯಾರು ಒಡೆಯಬೇಕು, ತೋಟದಲ್ಲಿ ಇವಳ ಪರವಾಗಿ ಯಾರು ಮಾತಾಡಬೇಕು ಎಂದು ತೀರ್ಮಾನಿಸಿದರೆ ಆ ಶಾಸ್ತ್ರಕ್ಕೆ ಅರ್ಥ ಬಂದೀತು.

ಇನ್ನು ಕೋಣೆಯೊಳಗಿನ ಬಾಣಂತಿಯ ಮಾತು. ಮೈ ಕಾಯಿಸುವುದು, ಎಣ್ಣೆ ನೀರು, ಮನೆಯ ದುಡಿಮೆಯಿಂದ ಬಿಡುಗಡೆ: ನಮ್ಮ ಬಾಣಂತನದಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳವಿದೆ. ಹೊತ್ತು ಹೊತ್ತಿಗೆ ಬಿಸಿ ಊಟ ಕೊಟ್ಟು, ಕೂಸನ್ನು ಎತ್ತಿಕೊಂಡು, ತಾಯಿಗೆ ನಿದ್ದೆ ಮಾಡಲು ಬಿಡುವ ತವರು ಎಲ್ಲ ದೇಶದ ಹೆಂಗಸರಿಗೂ ಸಿಗುವ ಭಾಗ್ಯವಲ್ಲ. ಕೈಬಿಡಬೇಕಾದದ್ದು ಎರಡೇ: ಕದಲದಂತೆ ಮಲಗಿಸುವುದು, ನೀರು ಕೊಡದೆ ಇರುವುದು. ಹೆರಿಗೆಯ ಹೊತ್ತಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆಯುತ್ತದೆ. ಅತಿಯಾಗಿ ರಕ್ತ ಹೋಗದಿರಲಿ ಎಂದು ದೇಹವೇ ಮಾಡಿಕೊಂಡ ಏರ್ಪಾಡು ಅದು. ಕಾಲಾಡಿಸದೆ, ನೀರು ಕುಡಿಯದೆ ಇದ್ದರೆ ಆ ಗುಣವೇ ಮುಳುವಾಗಿ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಬಹುದು; ಕೆಲವೊಮ್ಮೆ ಮಿದುಳಿನಲ್ಲೇ ಕಟ್ಟಬಹುದು. ಬಾಣಂತಿಯರಲ್ಲಿ ಕಾಣುವ ಮಿದುಳಿನ ಹೆಪ್ಪಿನ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ದಶಕಗಳ ಹಿಂದೆಯೇ ಬರೆದಿದ್ದಾರೆ. ತಡೆಯಲಾರದ ತಲೆನೋವು, ಫಿಟ್ಸ್, ಕೈಕಾಲು ಸ್ವಾಧೀನ ತಪ್ಪುವುದು ಅದರ ಲಕ್ಷಣ. ಇಂಥದ್ದು ಕಂಡರೆ ಸನ್ನಿ ಹಿಡಿದಿದೆ ಎಂದು ತಾಯಿತ ಕಟ್ಟಿಸುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಹಾಗಾದರೆ ಎಷ್ಟು ನಡೆಯಬೇಕು? ಮಾತಾಡುತ್ತಾ ನಡೆಯಲು ಆಗಬೇಕು. ಮಾತಿನ ನಡುವೆ ಏದುಸಿರು ಬಂದರೆ ವೇಗ ಹೆಚ್ಚಾಯಿತು ಎಂದರ್ಥ. ಅರ್ಧ ಗಂಟೆ ಒಟ್ಟಿಗೆ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ ಸಾಕು. ದಿನ ತುಂಬಿದಂತೆ ಅಂಗಾತ ಮಲಗಿ ಮಾಡುವ ವ್ಯಾಯಾಮ ಬೇಡ; ಹೊಟ್ಟೆಯ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಬಿಗಿಹಿಡಿದು, ಐದಾರು ಎಣಿಸಿ ಸಡಿಲ ಬಿಡುವುದನ್ನು ಕೂತಲ್ಲೇ ಮಾಡಬಹುದು. ಕೆಮ್ಮಿದರೆ ಸೀನಿದರೆ ಮೂತ್ರ ಸೋರುವ ಕಷ್ಟವನ್ನು ಯಾರಿಗೂ ಹೇಳದೆ ನುಂಗಿಕೊಂಡಿರುವ ತಾಯಂದಿರಿಗೆ ಇದು ದೊಡ್ಡ ಉಪಕಾರ. ಸಾಧಾರಣ ಹೆರಿಗೆಯಾದವರು ಮಾರನೆ ದಿನವೇ ಕೋಣೆಯಲ್ಲಿ ಮೆಲ್ಲಗೆ ಓಡಾಡಬಹುದು. ಸಿಸೇರಿಯನ್ ಆದವರನ್ನೂ ಮೊದಲ ದಿನದಲ್ಲೇ ಕೈಹಿಡಿದು ಎಬ್ಬಿಸಬೇಕು. ಆದರೆ ಅವರು ಆರು ವಾರದ ತನಕ ಕೂಸಿಗಿಂತ ಭಾರದ್ದೇನನ್ನೂ ಎತ್ತಬಾರದು. ರಕ್ತ ಹೋದರೆ, ನೀರು ಸೋರಿದರೆ, ತಲೆ ಸುತ್ತಿದರೆ, ಎದೆ ನೋವು ಬಂದರೆ, ಕಣ್ಣು ಮಂಜಾದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಹೊಟ್ಟೆಯೊಳಗಿನ ಕೂಸಿನ ಆಟ ಕಡಿಮೆಯಾದರೆ ಎಲ್ಲವನ್ನೂ ಬಿಟ್ಟು ಡಾಕ್ಟರ ಬಳಿ ಹೋಗಬೇಕು.

ಇದರ ಮೇಲೆ ನೀಲಗಿರಿಯದೇ ಕೆಲವು ಎಚ್ಚರಗಳಿವೆ. ಉದಕಮಂಡಲ 2,240 ಮೀಟರ್ ಎತ್ತರದಲ್ಲಿದೆ. ಅಲ್ಲೇ ಹುಟ್ಟಿ ಬೆಳೆದವಳಿಗೆ ಅದು ಸಹಜ. ಮೈಸೂರು, ಕೊಯಮತ್ತೂರಿನಿಂದ ಬಂದ ಬಸುರಿ ಬಂದ ದಿನವೇ ಏರು ಹತ್ತಬಾರದು. ಇಲ್ಲಿನ ಆದಿವಾಸಿಗಳಲ್ಲಿ ಸಿಕಲ್ ಸೆಲ್ ಎಂಬ ರಕ್ತದೋಷ ಇದೆಯೆಂದು ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು ತೋರಿಸಿದ್ದು 1952ರಲ್ಲಿ. ಆ ಕಾಯಿಲೆ ಇರುವ ಬಸುರಿಗೆ ಅತಿ ದಣಿವು, ಚಳಿ, ನೀರಡಿಕೆ ಮೂರೂ ಅಪಾಯ. ಮೈಕೈ ಕೀಲುಗಳಲ್ಲಿ ಪ್ರಾಣ ಹೋಗುವಂಥ ನೋವು ಎದ್ದೀತು. ಅವಳು ಎಷ್ಟು ನಡೆಯಬೇಕೆಂಬುದನ್ನು ಅವಳ ರಕ್ತ ಪರೀಕ್ಷೆ ನೋಡಿದವರೇ ಹೇಳಬೇಕು. ಹೀಗೆ ಪರೀಕ್ಷಿಸಿ ತಿಳಿಹೇಳುವ ಕೆಲಸ ಆಗುವಂಥದ್ದು ಎಂಬುದಕ್ಕೆ ಗುಡಲೂರಿನ ಆದಿವಾಸಿ ಆಸ್ಪತ್ರೆಯೇ ಸಾಕ್ಷಿ. ಅದನ್ನು ನಡೆಸುವ ಅಶ್ವಿನಿ ಸಂಸ್ಥೆ ಪಣಿಯ, ಬೆಟ್ಟಕುರುಂಬ, ಕಾಟ್ಟುನಾಯಕ ಹಾಡಿಗಳ ಹುಡುಗಿಯರನ್ನೇ ಆರೋಗ್ಯ ಕಾರ್ಯಕರ್ತೆಯರಾಗಿ, ದಾದಿಯರಾಗಿ ತಯಾರು ಮಾಡಿತು. ತನ್ನ ಭಾಷೆಯಲ್ಲಿ, ತನ್ನ ಹಾಡಿಯ ಹೆಣ್ಣು ಹೇಳಿದ ಮಾತು ನಾಟುವಷ್ಟು ಗೋಡೆಯ ಮೇಲಿನ ಪೋಸ್ಟರ್ ನಾಟುವುದಿಲ್ಲ.

ನಡೆಯಲು ಮನಸ್ಸಿದ್ದರೂ ಎಲ್ಲಿ ನಡೆಯುವುದು ಎಂಬ ಪ್ರಶ್ನೆ ಕಾಡಂಚಿನ ಮಸಿನಗುಡಿಯಲ್ಲಿ ಜೀವದ ಪ್ರಶ್ನೆ. 2021ರ ಅಕ್ಟೋಬರಿನಲ್ಲಿ ಮನುಷ್ಯರನ್ನು ಕೊಂದ ಹುಲಿಯೊಂದನ್ನು ವಾರಗಟ್ಟಲೆ ಹುಡುಕಿ ಹಿಡಿದದ್ದು ಇಲ್ಲೇ. ಗುಡಲೂರಿನಲ್ಲಿ ಬೆಳಗಿನ ಜಾವ ಆನೆ ಎದುರಾಗುವುದು ಸುದ್ದಿಯೇ ಅಲ್ಲ. ಓಡಲಾರದ ತುಂಬು ಬಸುರಿಗೆ ‘ಬೆಳಿಗ್ಗೆ ಸಂಜೆ ವಾಕಿಂಗ್ ಮಾಡಮ್ಮ’ ಎಂದು ಚೀಟಿ ಬರೆದು ಕೊಟ್ಟರೆ ಕೆಲಸ ಮುಗಿಯಲಿಲ್ಲ. ಬಿಸಿಲು ಏರಿದ ಮೇಲೆ, ಜೊತೆಯವರೊಂದಿಗೆ, ಶಾಲೆಯ ಬಯಲಿನಲ್ಲೋ ಅಂಗನವಾಡಿಯ ಅಂಗಳದಲ್ಲೋ ನಡೆಯುವ ಏರ್ಪಾಡು ಊರಿನದಾಗಬೇಕು. ದಾರಿ ಬದಿಯ ಪೊದೆ ಸವರುವುದು, ದೀಪ ಹಾಕಿಸುವುದು ಪಂಚಾಯಿತಿಯ ಕೆಲಸ. ಅವುಗಳನ್ನು ತಾಯಿಯ ಆರೋಗ್ಯದ ಲೆಕ್ಕಕ್ಕೇ ಸೇರಿಸಬೇಕು.

ತಮಿಳುನಾಡು ಸರ್ಕಾರ ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ಬಡ ತಾಯಂದಿರಿಗೆ 18,000 ರೂಪಾಯಿಯ ನೆರವು ಕೊಡುತ್ತದೆ. ಕರ್ನಾಟಕ 2023ರಲ್ಲಿ ಉದ್ಯೋಗ ಖಾತರಿ ಕೂಲಿಕಾರ ತಾಯಂದಿರಿಗಾಗಿ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ ತೆರೆಯಲು ಹೊರಟಿತು. ಎರಡೂ ಒಳ್ಳೆಯ ಹೆಜ್ಜೆ. ಗಡಿಯ ಎರಡೂ ಬದಿಯ ಹೆಂಗಸರಿಗೆ ಎರಡೂ ಬೇಕು. ನಾನು ಕೇಳುವುದು ಇನ್ನೂ ಮೂರು. 30ನೇ ವಾರದಿಂದ ಬಸುರಿಗೆ ಹಗುರ ಕೆಲಸ ತಾನಾಗಿ ಸಿಗಲಿ. ಅವಳು ಕೇಳಬೇಕೆಂಬ ಷರತ್ತು ಹೋಗಲಿ, ಕೂಲಿ ಕಡಿಮೆಯಾಗದಿರಲಿ. ತುಂಡು ತೋಟದ ದಿನಗೂಲಿಯವಳೂ ಹೆರಿಗೆ ರಜೆಯ ಲೆಕ್ಕಕ್ಕೆ ಬರಲಿ. ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ಕೂಸಿನ ತೂಕದ ಜೊತೆ ತಾಯಿಯ ನಡಿಗೆ, ನಿದ್ದೆ, ಮನಸ್ಸು ಹೇಗಿದೆ ಎಂದೂ ಕೇಳಲಿ. ಕೇಳುವಾಗ ಗಂಡನೂ ಅತ್ತೆಯೂ ಎದುರಿಗಿರಲಿ.

ಸರ್ಕಾರ ಮಾಡುವ ತನಕ ಕಾಯದೆ ಮನೆಯವರು ಇವತ್ತೇ ಮಾಡಬಹುದಾದದ್ದೂ ಇದೆ. ಬಾಣಂತಿಯ ಕೈಯಿಂದ ಕೂಸನ್ನು ದಿನಕ್ಕೆ ಅರ್ಧ ಗಂಟೆ ಗಂಡನಾದವನು ಎತ್ತಿಕೊಳ್ಳಲಿ. ಆ ಅರ್ಧ ಗಂಟೆ ಅವಳು ನಡೆಯುತ್ತಾಳೋ ಮಲಗುತ್ತಾಳೋ ಅದನ್ನು ಅವಳೇ ತೀರ್ಮಾನಿಸಲಿ.