ಗಣಕಯಂತ್ರದ ಖರೀದಿ: ಬ್ರ್ಯಾಂಡಿನ ಹೆಸರಿಗಿಂತ ಬರಹದ ಷರತ್ತು ಮುಖ್ಯ

ಉದ್ಯಮಬಾಗದ ಎರಕದ ಕಾರ್ಖಾನೆಯ ಮಾಲೀಕರು ಒಂದು ಲೇಥ್ ಯಂತ್ರವನ್ನು ಕೊಳ್ಳುವ ಮುನ್ನ ಹತ್ತು ಕಡೆ ವಿಚಾರಿಸುತ್ತಾರೆ. ಬಿಡಿಭಾಗ ಎಲ್ಲಿ ದೊರೆಯುತ್ತದೆ, ಕೆಟ್ಟರೆ ರಿಪೇರಿಯವರು ಎಷ್ಟು ದಿನಕ್ಕೆ ಬರುತ್ತಾರೆ, ಇದೇ ಯಂತ್ರ ಬಳಸುವ ನೆರೆಯ ಕಾರ್ಖಾನೆಯವರ ಅನುಭವವೇನು ಎಂಬುದನ್ನೆಲ್ಲ ತಿಳಿದ ನಂತರವೇ ಮುಂಗಡ ಹಣ ಕೊಡುತ್ತಾರೆ. ಅದೇ ಮಾಲೀಕರು ಕಚೇರಿಗೆ ಗಣಕಯಂತ್ರ ಕೊಳ್ಳುವಾಗ ಕೇಳುವುದು ಎರಡೇ ಪ್ರಶ್ನೆ: ಯಾವ ಕಂಪನಿಯದು, ಬೆಲೆ ಎಷ್ಟು? ಲೇಥ್ ಒಂದು ದಿನ ನಿಂತರೆ ಒಂದು ವಿಭಾಗದ ಕೆಲಸ ನಿಲ್ಲುತ್ತದೆ. ಗಣಕಯಂತ್ರ ನಿಂತರೆ ಇಡೀ ವ್ಯವಹಾರವೇ ನಿಲ್ಲುವ ಕಾಲ ಬಂದಿದೆ ಎಂಬುದು ಇನ್ನೂ ಬಹುಜನರ ಗಮನಕ್ಕೆ ಬಂದಂತಿಲ್ಲ.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಕಡ್ಡಾಯವಾಯಿತು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ಇತರ ನೋಂದಾಯಿತ ವರ್ತಕರಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಪಡೆಯಲೇಬೇಕಾಯಿತು. ನೋಂದಣಿ ಸಂಖ್ಯೆಯಿಲ್ಲದ ಬಿಲ್ಲನ್ನು ಅಂಥ ಸಂದರ್ಭದಲ್ಲಿ ಕಾನೂನು ಬಿಲ್ಲೆಂದೇ ಪರಿಗಣಿಸುವುದಿಲ್ಲ. ಪುಣೆಗೋ ಕೊಲ್ಲಾಪುರಕ್ಕೋ ಹೊರಟ ಎರಕದ ಲಾರಿ ಕಾಗದವಿಲ್ಲದೆ ಗಡಿ ದಾಟುವಂತಿಲ್ಲ. ಇ-ವೇ ಬಿಲ್ಲನ್ನು ಬೇರೊಬ್ಬರ ಯಂತ್ರದಿಂದಲೂ ಮೊಬೈಲಿನಿಂದಲೂ ಪಡೆಯಬಹುದು, ನಿಜ. ಆದರೆ ಬಿಲ್ಲಿನ ಕ್ರಮಸಂಖ್ಯೆ, ದಾಸ್ತಾನಿನ ಲೆಕ್ಕ, ಗಿರಾಕಿಯ ಬಾಕಿ ಇವೆಲ್ಲ ಕೆಟ್ಟುನಿಂತ ಯಂತ್ರದೊಳಗೇ ಉಳಿದಿರುತ್ತವೆ. ಖಾನಾಪುರದ ಹೆಂಚು ಅಥವಾ ಇಟ್ಟಿಗೆ ತಯಾರಕರ ಕಚೇರಿಯಲ್ಲಿ ಇರುವುದು ಒಂದೇ ಗಣಕಯಂತ್ರವಾದರೆ ಈ ತೊಂದರೆ ಇಮ್ಮಡಿಯಾಗುತ್ತದೆ.

ಹೆಸರು ಶಾಶ್ವತವಲ್ಲ

ದೊಡ್ಡ ಕಂಪನಿಯ ಯಂತ್ರ ಕೊಂಡರೆ ಚಿಂತೆಯಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಕಳೆದ ಎರಡು ದಶಕಗಳ ಇತಿಹಾಸ ಇದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಕಾಂಪ್ಯಾಕ್ 2002ರಲ್ಲಿ ಎಚ್‌ಪಿ ಸಂಸ್ಥೆಯಲ್ಲಿ ವಿಲೀನವಾಯಿತು. ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ವಿಭಾಗವನ್ನು 2005ರಲ್ಲಿ ಲೆನೊವೊ ಸಂಸ್ಥೆಗೆ ಮಾರಿತು. ಸ್ವದೇಶಿ ಹೆಸರೆಂದು ನೆಚ್ಚಿದ್ದ ವಿಪ್ರೊ 2013ರಲ್ಲಿ ಸ್ವಂತ ಹೆಸರಿನ ಗಣಕಯಂತ್ರಗಳ ತಯಾರಿಕೆಯಿಂದ ಹಿಂದೆ ಸರಿಯಿತು. ಪೆಟ್ಟಿಗೆಯ ಮೇಲಿನ ಹೆಸರು ಅದರ ಒಡೆಯನ ಜೊತೆಗೆ ಬದಲಾಗುವಂಥದ್ದು.

ದೋಷದ ವಿಷಯದಲ್ಲಿಯೂ ದೊಡ್ಡವರು ಹೊರತಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ಕಳಪೆ ಕ್ಯಾಪಾಸಿಟರ್‌ಗಳು ಅನೇಕ ತಯಾರಕರ ಮದರ್‌ಬೋರ್ಡ್‌ಗಳನ್ನು ಕೆಡಿಸಿದವು. ಡೆಲ್ ಸಂಸ್ಥೆ ಕೆಲವು ಆಪ್ಟಿಪ್ಲೆಕ್ಸ್ ಮಾದರಿಗಳ ರಿಪೇರಿಗಾಗಿ 2005ರಲ್ಲಿ 30 ಕೋಟಿ ಡಾಲರ್ ವೆಚ್ಚವನ್ನು ಲೆಕ್ಕದಲ್ಲಿ ತೋರಿಸಬೇಕಾಯಿತು. ಮರುವರ್ಷ ಅದೇ ಸಂಸ್ಥೆ ಸೋನಿ ಕೋಶಗಳಿದ್ದ ಸುಮಾರು 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. 2011ರ ಥಾಯ್ಲೆಂಡ್ ಪ್ರವಾಹದ ಬೆನ್ನಿಗೇ ಹಾರ್ಡ್‌ಡಿಸ್ಕ್ ತಯಾರಕರು ಹಲವು ಮಾದರಿಗಳ ವಾರಂಟಿ ಅವಧಿಯನ್ನು ಕಡಿತಗೊಳಿಸಿದರು. ಇದಕ್ಕೆ ವಿರುದ್ಧವಾಗಿ ಇಂಟೆಲ್ 2024ರಲ್ಲಿ ತನ್ನ ಕೆಲವು ಪ್ರೊಸೆಸರ್‌ಗಳಲ್ಲಿ ಅಸ್ಥಿರತೆ ಕಂಡುಬಂದಾಗ ವಾರಂಟಿಯನ್ನು ಇನ್ನೂ ಎರಡು ವರ್ಷ ವಿಸ್ತರಿಸಿತು. ಯಾವ ಕಾರ್ಖಾನೆಯಿಂದಲೂ ಕೆಟ್ಟ ಸರಕು ಒಮ್ಮೊಮ್ಮೆ ಹೊರಬೀಳುತ್ತದೆ. ಒಂದು ಸಂಸ್ಥೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕೆಟ್ಟ ನಂತರದ ನಡವಳಿಕೆಯಲ್ಲಿ ಕಾಣುತ್ತದೆ.

ಇಪ್ಪತ್ತೈದು ಕಿಲೋಮೀಟರಿನ ಅಂತರ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿ.ಮೀ. ದಾರಿ. ಸೇವೆಯ ವಿಷಯದಲ್ಲಿ ಈ ಅಂತರ ಚಿಕ್ಕದಲ್ಲ. ವಾರಂಟಿಯಲ್ಲಿ ಎರಡು ಬಗೆ ಇವೆ. ಯಂತ್ರವಿರುವ ಸ್ಥಳಕ್ಕೇ ಬಂದು ದುರಸ್ತಿ ಮಾಡುವುದು ಆನ್‌ಸೈಟ್. ಯಂತ್ರವನ್ನು ಸರ್ವಿಸ್ ಸೆಂಟರಿಗೆ ಹೊತ್ತೊಯ್ಯಬೇಕಾದದ್ದು ಕ್ಯಾರಿ-ಇನ್. ಆನ್‌ಸೈಟ್ ಎಂದಿದ್ದರೂ ಸೇವೆಯ ಅವಧಿ ಸ್ಥಳವನ್ನು ಅವಲಂಬಿಸುತ್ತದೆ ಎಂಬ ಸಾಲು ಸಾಮಾನ್ಯವಾಗಿ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ನಗರದ ವ್ಯಾಪಾರಿಗೆ ಸಿಗುವ ಸೌಲಭ್ಯ ತಾಲ್ಲೂಕಿನ ತಯಾರಕರಿಗೂ ಸಿಗುತ್ತದೆಂದು ಭಾವಿಸುವಂತಿಲ್ಲ.

‘ಮುಂದಿನ ಕೆಲಸದ ದಿನ’ ಎಂಬ ಮಾತನ್ನೂ ಸರಿಯಾಗಿ ಓದಬೇಕು. ಬಹುತೇಕ ಅದು ಸ್ಪಂದನೆಯ ಅವಧಿ, ದುರಸ್ತಿ ಮುಗಿಯುವ ಅವಧಿಯಲ್ಲ. ತಂತ್ರಜ್ಞರು ಮರುದಿನವೇ ಬಂದು ನೋಡಿ, ಮದರ್‌ಬೋರ್ಡ್ ತರಿಸಬೇಕೆಂದು ಹೇಳಿ ಹೋದರೂ ಕಂಪನಿ ಮಾತು ಉಳಿಸಿಕೊಂಡಂತೆಯೇ. ಬೋರ್ಡ್ ಬರುವತನಕ ಕಚೇರಿಯ ಕೆಲಸ ಏನಾಗಬೇಕು ಎಂಬುದಕ್ಕೆ ಆ ಕಾಗದದಲ್ಲಿ ಉತ್ತರವಿಲ್ಲ.

ವಾರಂಟಿಯಿಂದ ಹೊರಗಿಟ್ಟ ಸಂಗತಿಗಳು ಈ ಭಾಗದವರಿಗೆ ಇನ್ನೂ ಮುಖ್ಯ. ವಿದ್ಯುತ್ ಏರಿಳಿತ, ಸಿಡಿಲು, ತೇವಾಂಶ, ಕೀಟಗಳಿಂದಾದ ಹಾನಿಯನ್ನು ತಯಾರಕರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಖಾನಾಪುರ ತಾಲ್ಲೂಕು ಸಹ್ಯಾದ್ರಿಯ ಮಳೆಯ ಸೀಮೆ. ಮಲಪ್ರಭೆ ಹುಟ್ಟುವ ಕಣಕುಂಬಿಯೂ ಇದೇ ತಾಲ್ಲೂಕಿನಲ್ಲಿದೆ. ಎರಕದ ಕಾರ್ಖಾನೆಗಳಲ್ಲಿ ಮರಳಿನ ನುಣ್ಣನೆಯ ಧೂಳು, ಹೆಂಚಿನ ಕಾರ್ಖಾನೆಗಳಲ್ಲಿ ಜೇಡಿಮಣ್ಣಿನ ಧೂಳು ಯಂತ್ರದ ಪಂಖವನ್ನು ಕಟ್ಟಿಹಾಕುತ್ತದೆ. ಸರಿಯಾದ ಅರ್ಥಿಂಗ್, ಒಳ್ಳೆಯ ಯುಪಿಎಸ್, ತಿಂಗಳಿಗೊಮ್ಮೆ ಧೂಳು ತೆಗೆಯುವ ವ್ಯವಸ್ಥೆ ಇಲ್ಲದ ಕಚೇರಿಯಲ್ಲಿ ಯಾವ ಬ್ರ್ಯಾಂಡೂ ಬಹುಕಾಲ ಬಾಳದು. ಇದು ಕೊಂಡವರ ಪಾಲಿನ ಹೊಣೆ.

ಕಾನೂನು ಯಾರ ಪಕ್ಷ?

ತೊಂದರೆಯಾದರೆ ಗ್ರಾಹಕರ ಆಯೋಗಕ್ಕೆ ಹೋದರಾಯಿತು ಎಂದು ಅನೇಕ ವ್ಯಾಪಾರಸ್ಥರು ನಂಬಿದ್ದಾರೆ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(7)ರ ಪ್ರಕಾರ ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಸರಕು ಕೊಂಡವರು ‘ಗ್ರಾಹಕ’ರಲ್ಲ. ಸ್ವಯಂ ಉದ್ಯೋಗದ ಮೂಲಕ ಕೇವಲ ಜೀವನೋಪಾಯಕ್ಕಾಗಿ ಬಳಸುವವರಿಗೆ ಮಾತ್ರ ವಿನಾಯಿತಿಯಿದೆ. ಒಬ್ಬರೇ ಕುಳಿತು ಟೈಪಿಂಗ್ ಅಂಗಡಿ ನಡೆಸುವವರು ಈ ವಿನಾಯಿತಿಯನ್ನು ಕೇಳಬಹುದು. ನೌಕರರನ್ನಿಟ್ಟುಕೊಂಡು ನಡೆಸುವ ಕಾರ್ಖಾನೆಗೆ ಅದು ದೊರೆಯುವುದು ಕಷ್ಟ.

ಈ ವಿಚಾರ ಹೊಸದಲ್ಲ. ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತಯಾರಿಕಾ ಘಟಕವೊಂದು ಕೊಂಡ ಯಂತ್ರದ ಬಗ್ಗೆ ಇದೇ ನಿಲುವು ತಳೆಯಿತು. ಹರ್ಸೋಲಿಯಾ ಮೋಟರ್ಸ್ ಪ್ರಕರಣದಲ್ಲಿ 2023ರಲ್ಲಿ ಅದೇ ನ್ಯಾಯಾಲಯ, ವ್ಯಾಪಾರ ಸಂಸ್ಥೆ ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ, ಖರೀದಿಗೂ ಲಾಭಗಳಿಕೆಗೂ ನೇರ ಸಂಬಂಧವಿದೆಯೇ ಎಂಬುದನ್ನು ನೋಡಬೇಕು ಎಂದಿತು. ಆದರೆ ಪಾಲಿ ಮೆಡಿಕ್ಯೂರ್ ಪ್ರಕರಣದಲ್ಲಿ 2025ರ ನವೆಂಬರ್‌ನಲ್ಲಿ, ರಫ್ತು ವ್ಯವಹಾರದ ಕೆಲಸವನ್ನು ಗಣಕೀಕರಿಸಲು ಕೊಂಡ ತಂತ್ರಾಂಶ ವಾಣಿಜ್ಯ ಉದ್ದೇಶದ್ದೇ ಎಂದು ತೀರ್ಮಾನಿಸಿತು. ಬಿಲ್ಲು ಬರೆಯುವ ಗಣಕಯಂತ್ರಕ್ಕೂ ಇದೇ ತರ್ಕ ಅನ್ವಯಿಸುವ ಸಂಭವ ಹೆಚ್ಚು.

ಹಾಗಾದರೆ ಉಳಿಯುವುದು ಸರಕು ಮಾರಾಟ ಕಾಯ್ದೆ, 1930. ಕೊಳ್ಳುವವರು ತಮ್ಮ ನಿರ್ದಿಷ್ಟ ಉಪಯೋಗವನ್ನು ಮಾರುವವರಿಗೆ ತಿಳಿಸಿ, ಅವರ ಪರಿಣತಿಯನ್ನು ನಂಬಿ ಕೊಂಡಿದ್ದರೆ, ಆ ಬಗೆಯ ಸರಕು ಮಾರುವುದೇ ಮಾರುವವರ ವೃತ್ತಿಯಾಗಿದ್ದರೆ, ಸರಕು ಆ ಉಪಯೋಗಕ್ಕೆ ತಕ್ಕದ್ದಾಗಿರಬೇಕೆಂಬ ಷರತ್ತು ತಾನಾಗಿಯೇ ಸೇರಿಕೊಳ್ಳುತ್ತದೆ ಎಂದು ಕಲಂ 16 ಹೇಳುತ್ತದೆ. ಅದೇ ಕಲಮಿನಲ್ಲಿ ಒಂದು ಪರಂತುಕವಿದೆ: ನಿರ್ದಿಷ್ಟ ಸರಕನ್ನು ಅದರ ಪೇಟೆಂಟ್ ಅಥವಾ ವ್ಯಾಪಾರನಾಮ ಹೇಳಿ ಕೊಂಡರೆ ಈ ಷರತ್ತು ಅನ್ವಯಿಸುವುದಿಲ್ಲ. ಅಂಗಡಿಗೆ ಹೋಗಿ ‘ಇಂಥ ಕಂಪನಿಯ ಇಂಥ ಮಾದರಿ ಕೊಡಿ’ ಎಂದು ಕೇಳುವವರು ತಮಗರಿವಿಲ್ಲದೆಯೇ ಒಂದು ರಕ್ಷಣೆಯನ್ನು ಕೈಬಿಡುತ್ತಾರೆ. ಸರಕು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕೆಂಬ ಬೇರೆ ಷರತ್ತು ಉಳಿದಿರುತ್ತದೆ. ಆದರೂ ಬ್ರ್ಯಾಂಡಿನ ಹೆಸರನ್ನೇ ನೆಚ್ಚಿ ಕೊಳ್ಳುವ ರೂಢಿಗೆ ಕಾನೂನಿನ ಬೆಂಬಲ ಕಡಿಮೆ.

ಖರೀದಿ ಆದೇಶದಲ್ಲಿ ಇರಬೇಕಾದದ್ದು

ಆದುದರಿಂದ ಯಂತ್ರ ಒಂದೇ ಆಗಿದ್ದರೂ ಬಾಯಿಮಾತಿನ ಖರೀದಿಯನ್ನು ಬಿಟ್ಟು ಲಿಖಿತ ಖರೀದಿ ಆದೇಶ ಕೊಡುವುದು ಲೇಸು. ಅದರಲ್ಲಿ ಈ ಅಂಶಗಳಿರಲಿ.

1. ಯಂತ್ರದ ಉಪಯೋಗ: ಯಾವ ಲೆಕ್ಕಪತ್ರ ತಂತ್ರಾಂಶ, ಎಷ್ಟು ಜನರ ಬಳಕೆ, ದಿನಕ್ಕೆ ಎಷ್ಟು ತಾಸು ಕೆಲಸ.

2. ಯಂತ್ರ ಇರುವ ವಿಳಾಸ. ಆ ವಿಳಾಸಕ್ಕೇ ಆನ್‌ಸೈಟ್ ಸೇವೆ ಉಂಟೆಂಬ ಮಾರಾಟಗಾರರ ಒಪ್ಪಿಗೆ.

3. ಸ್ಪಂದನೆಯ ಅವಧಿ ಮತ್ತು ದುರಸ್ತಿಯ ಅವಧಿ, ಎರಡೂ ಬೇರೆಬೇರೆಯಾಗಿ. ಅವಧಿ ಮೀರಿದರೆ ತಾತ್ಕಾಲಿಕ ಬದಲಿ ಯಂತ್ರ.

4. ವಾರಂಟಿ ಮೂರು ವರ್ಷ. ಕಂಪನಿ ಕಾಯ್ದೆಯ ಅನುಸೂಚಿ 2ರಲ್ಲಿ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್‌ಗಳ ಆಯುಸ್ಸು ಮೂರು ವರ್ಷ, ಸರ್ವರ್‌ಗಳದ್ದು ಆರು ವರ್ಷ. ಒಂದೇ ವರ್ಷದ ವಾರಂಟಿಯಿದ್ದರೆ ಉಳಿದೆರಡು ವರ್ಷ ಆಸ್ತಿ ಪುಸ್ತಕದಲ್ಲಿದ್ದೂ ರಕ್ಷಣೆಯಿಲ್ಲದಂತಾಗುತ್ತದೆ. ಹೆಚ್ಚುವರಿ ವಾರಂಟಿಯ ಬೆಲೆಯನ್ನು ಮೊದಲೇ ಸೇರಿಸಿ ಎರಡು ದರಪಟ್ಟಿಗಳನ್ನು ಹೋಲಿಸಬೇಕು.

5. ಕೆಟ್ಟ ಡಿಸ್ಕ್ ಯಾರ ಬಳಿ ಉಳಿಯಬೇಕು ಎಂಬುದು. ವ್ಯವಹಾರದ ಗುಟ್ಟೆಲ್ಲ ಅದರಲ್ಲಿರುತ್ತದೆ.

ಇವೆಲ್ಲ ಇದ್ದರೂ ಕಳೆದುಹೋದ ಮಾಹಿತಿಯನ್ನು ವಾರಂಟಿ ಹಿಂದಿರುಗಿಸುವುದಿಲ್ಲ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು, ಕಂಪನಿಗಳಾದರೆ ಎಂಟು ಹಣಕಾಸು ವರ್ಷ. ಗಣಕದಲ್ಲಿ ಲೆಕ್ಕವಿಡುವ ಕಂಪನಿಗಳು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಬ್ಯಾಕಪ್ ಇಡಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಗಿದೆ. ಪಾಲುದಾರಿಕೆ ಸಂಸ್ಥೆಗಳಿಗೂ ಒಡೆತನದ ಅಂಗಡಿಗಳಿಗೂ ಇದು ಅನ್ವಯಿಸದಿದ್ದರೂ ಒಳ್ಳೆಯ ಶಿಸ್ತು.

ಒಬ್ಬರ ಮಾತು, ಹತ್ತು ಜನರ ಮಾತು

ಒಂದು ಯಂತ್ರ ಕೊಳ್ಳುವ ಸಣ್ಣ ವ್ಯಾಪಾರಿಯ ಷರತ್ತನ್ನು ಯಾವ ದೊಡ್ಡ ಕಂಪನಿ ಕೇಳುತ್ತದೆ ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಹುರುಳಿದೆ. ಕಂಪನಿ ತನ್ನ ಮುದ್ರಿತ ವಾರಂಟಿಯನ್ನು ತಿದ್ದಲಾರದು. ಆದರೆ ಊರಿನ ಮಾರಾಟಗಾರರು ತಮ್ಮ ಹೊಣೆಯಲ್ಲಿ ಬದಲಿ ಯಂತ್ರ ಕೊಡುವ, ಖಾನಾಪುರದವರೆಗೆ ಬರುವ ಮಾತನ್ನು ಬರೆದುಕೊಡಬಲ್ಲರು. ಅದಕ್ಕಾಗಿ ಒಂದೆರಡು ಸಾವಿರ ಹೆಚ್ಚು ಕೇಳಿದರೆ ಅದನ್ನು ದುಬಾರಿ ಎನ್ನಬಾರದು. ಸ್ಥಳೀಯವಾಗಿ ಜೋಡಿಸಿದ ಅಸೆಂಬಲ್ಡ್ ಯಂತ್ರಗಳು ಇಂದಿಗೂ ಗಿರಾಕಿಗಳನ್ನು ಉಳಿಸಿಕೊಂಡಿರುವುದಕ್ಕೆ ಕರೆದ ಕೂಡಲೇ ಬರುವ ಮನುಷ್ಯನೂ ಒಂದು ಕಾರಣ. ಅವುಗಳಲ್ಲಿ ಒಂದೊಂದು ಭಾಗದ ವಾರಂಟಿ ಒಂದೊಂದು ಅವಧಿಯದು ಎಂಬುದನ್ನು ಮಾತ್ರ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.

ಸಮಯವೂ ಒದಗಿಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಳೆಯ ಅನೇಕ ಯಂತ್ರಗಳು ಮುಂದಿನ ಆವೃತ್ತಿಗೆ ಹೊಂದುವುದಿಲ್ಲ. ಹಲವು ಸದಸ್ಯರು ಹೊಸ ಯಂತ್ರ ಕೊಳ್ಳಲೇಬೇಕಾಗಿದೆ. ಇಂಥ ವೇಳೆಯಲ್ಲಿ ವಾಣಿಜ್ಯೋದ್ಯಮ ಸಂಘವು ಸದಸ್ಯರ ಬೇಡಿಕೆಯನ್ನು ಒಟ್ಟುಗೂಡಿಸಿ ಮಾರಾಟಗಾರರೊಡನೆ ಸಾಮೂಹಿಕ ದರ ಹಾಗೂ ಸೇವಾ ಒಪ್ಪಂದ ಮಾಡಿಕೊಳ್ಳಬಹುದು. ವಾರಕ್ಕೊಂದು ದಿನ ತಂತ್ರಜ್ಞರು ಖಾನಾಪುರಕ್ಕೆ ಹೋಗುವ ಏರ್ಪಾಡು ಒಬ್ಬರಿಗೆ ಅಸಾಧ್ಯ, ಐವತ್ತು ಯಂತ್ರಗಳ ಗುಂಪಿಗೆ ಸಾಧ್ಯ. ಇದರೊಡನೆ ಒಂದು ದೂರು ಪುಸ್ತಕವನ್ನೂ ತೆರೆಯಲಿ. ಯಾವ ಬ್ರ್ಯಾಂಡ್, ಕೆಟ್ಟ ದಿನ, ದೂರು ಕೊಟ್ಟ ದಿನ, ಸರಿಯಾದ ದಿನ, ಇಷ್ಟೇ ನಾಲ್ಕು ಅಂಕಣ ಸಾಕು. ಎರಡು ವರ್ಷದಲ್ಲಿ ಅದು ಯಾವ ಜಾಹೀರಾತಿಗಿಂತಲೂ ನಂಬಲರ್ಹವಾದ ದಾಖಲೆಯಾಗುತ್ತದೆ. ಲೇಥ್ ಕೊಳ್ಳುವಾಗ ನೆರೆಯ ಕಾರ್ಖಾನೆಯವರನ್ನು ಕೇಳುವ ಹಳೆಯ ರೂಢಿಯನ್ನು ಗಣಕಯಂತ್ರಕ್ಕೂ ವಿಸ್ತರಿಸಿದಂತಾಗುತ್ತದೆ.