ಹಸು ನೋಡಿದಂತೆ ಲ್ಯಾಪ್‌ಟಾಪನ್ನೂ ನೋಡಿ



ಹಸು ಕೊಳ್ಳುವಾಗ ನಾವು ಮೈಹೊಳಪಿಗೆ ಮರುಳಾಗುವುದಿಲ್ಲ. ಹಲ್ಲು ನೋಡುತ್ತೇವೆ, ಎಷ್ಟನೇ ಸೂಲು ಎಂದು ಕೇಳುತ್ತೇವೆ, ನಾಲ್ಕೂ ಮೊಲೆ ಕರೆದು ನೋಡುತ್ತೇವೆ. ಆದರೆ ಕಾಲೇಜಿಗೆ ಹೋಗುವ ಮಗಳಿಗೆ ಲ್ಯಾಪ್‌ಟಾಪ್ ತರುವಾಗ ಅಂಗಡಿಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬರುತ್ತೇವೆ. ಇದು ಸರಿಯಲ್ಲ. ಅದು ಎಷ್ಟೋ ಬಟವಾಡೆ ಕೂಡಿಟ್ಟ ದುಡ್ಡು.

ಕಂಪನಿಯ ಹೆಸರೊಂದೇ ಸಾಲದು, ಮಾಡೆಲ್ ಯಾವುದೆಂದು ನೋಡಬೇಕು. ಆ್ಯಪಲ್‌ನಂಥ ದೊಡ್ಡ ಕಂಪನಿಯ 2015ರಿಂದ 2019ರವರೆಗಿನ ಹಲವು ಮ್ಯಾಕ್‌ಬುಕ್‌ಗಳಲ್ಲಿ ಕೀಬೋರ್ಡಿನದೇ ತೊಂದರೆ. ಒತ್ತಿದರೂ ಅಕ್ಷರ ಮೂಡದು, ಇಲ್ಲವೇ ಎರಡೆರಡು ಸಲ ಮೂಡುವುದು. 2018ರಲ್ಲಿ ಕಂಪನಿಯೇ ಉಚಿತ ರಿಪೇರಿಗೆ ಮುಂದಾಯಿತು. ಅದೂ ಮೊದಲು ಮಾರಾಟವಾದ ದಿನದಿಂದ 4 ವರ್ಷ ಮಾತ್ರ. ಈಗ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡರೆ ಖರ್ಚು ನಮ್ಮದೇ.

ಆದ್ದರಿಂದ ಮೊದಲ ದಿನವೇ ದುಡ್ಡು ಕೊಡಬೇಡಿ. ಮಾಡೆಲ್ ನಂಬರನ್ನು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಅದರಲ್ಲಿ ಪದೇ ಪದೇ ಬರುವ ದೋಷವೇನೆಂದು ಮಗಳು ಮೊಬೈಲಿನಲ್ಲಿ ಹುಡುಕಲಿ. ರಿಪೇರಿ ಮಾಡುವವರನ್ನೂ ಕೇಳಿ. ಮಡಚುವ ಕೀಲು ಮುರಿಯುತ್ತದೆಯೇ? ಅತಿಯಾಗಿ ಬಿಸಿಯಾಗುತ್ತದೆಯೇ? ಬ್ಯಾಟರಿ ಉಬ್ಬುತ್ತದೆಯೇ? ಒಬ್ಬರ ದೂರು ಆಕಸ್ಮಿಕವಿರಬಹುದು. ಹತ್ತಾರು ಜನ ಒಂದೇ ದೂರು ಹೇಳಿದರೆ ಆ ಮಾಡೆಲ್ ಬಿಟ್ಟು ಬೇರೆ ನೋಡಿ. ಕೊಳ್ಳುವಾಗ ವಾರಂಟಿ ಎಷ್ಟು ವರ್ಷ, ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಕೇಳಿ, ಬಿಲ್ ಪಡೆಯಿರಿ.

ಇಂಗ್ಲಿಷ್ ಬಾರದೆಂಬ ಸಂಕೋಚ ಬೇಡ. ದನದ ಸಂತೆಯಲ್ಲಿ ಕೇಳುವ ಬಾಯಿ ಅಂಗಡಿಯಲ್ಲೂ ಕೇಳಲಿ.