ಫಾತಿಮಾ ಕ್ಷೇತ್ರಕ್ಕೆ ಒಂದು ಹಗಲಿನ ಯಾತ್ರೆ

ನಮ್ಮ ಹಿರಿಯರು ಯಾತ್ರೆಗೆ ಹೊರಡುವಾಗ ನಂಟರಿಷ್ಟರಿಗೆಲ್ಲ ಹೇಳಿ, ಸಾಲಸೋಲಗಳನ್ನು ತೀರಿಸಿ, ತಿರುಗಿ ಬಂದರೆ ಬಂದೆವು ಎಂದುಕೊಂಡು ಹೊರಡುತ್ತಿದ್ದರು. ಈಗಿನ ಯಾತ್ರೆಗೆ ಅಂಥ ಸಿದ್ಧತೆಯೇನೂ ಬೇಕಾಗಿಲ್ಲ. ಬೆಳಗಿನ ಉಪಾಹಾರವನ್ನು ತೀರಿಸಿಕೊಂಡು ಎಂಟು ಗಂಟೆಗೆ ಮೋಟಾರು ಗಾಡಿಯನ್ನೇರಿದರೆ ರಾತ್ರಿಯ ಊಟದ ಹೊತ್ತಿಗೆ ಬಿಡಾರಕ್ಕೆ ಹಿಂದಿರುಗಬಹುದು. ಮಕ್ಕಳು ಯೂರೋಪಿನಲ್ಲಿ ಉದ್ಯೋಗದಲ್ಲಿರುವ ಸಂಸಾರವಂದಿಗರು ನಮ್ಮಲ್ಲಿ ಈಗ ಕಡಮೆಯಿಲ್ಲ. ಮಕ್ಕಳನ್ನು ನೋಡಲು ಹೋದ ತಂದೆತಾಯಿಗಳು ಅಲ್ಲಿಂದ ಪೋರ್ತುಗಾಲದ ರಾಜಧಾನಿಯಾದ ಲಿಸ್ಬನ್ನಿಗೂ ಹೋಗುವುದುಂಟು. ಆ ಪಟ್ಟಣದಿಂದ ಕ್ಯಾಥೊಲಿಕ್ ಕ್ರೈಸ್ತರ ಫಾತಿಮಾ ಕ್ಷೇತ್ರಕ್ಕೆ, ಏಳೆಂಟು ಜನರ ಸಣ್ಣ ತಂಡವಾಗಿ, ಮಾರ್ಗದರ್ಶಕನೊಡನೆ ಒಂದು ಹಗಲಿನಲ್ಲಿ ಹೋಗಿಬರುವ ಏರ್ಪಾಡು ಬಹಳ ಬಳಕೆಯಲ್ಲಿದೆ. ಇಂಥ ಪ್ರಯಾಣವನ್ನು ಕೈಕೊಳ್ಳುವವರಿಗೆ ದೊರೆಯುವುದೇನು, ತಪ್ಪಿಹೋಗುವುದೇನು ಎಂಬುದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ನಾವೂ ನಮ್ಮ ಮನೆಯವರೂ ಹೋಗಿ ಬಂದವರಾದುದರಿಂದ ಕಂಡು ತಿಳಿದುದನ್ನೇ ಹೇಳುತ್ತೇವೆ.

ಲಿಸ್ಬನ್ನಿನಿಂದ ಉತ್ತರಕ್ಕೆ ಫಾತಿಮಾ ಸುಮಾರು ೧೨೫ ಕಿಲೋಮೀಟರು. ಒಂದೂವರೆ ಗಂಟೆಯ ಹಾದಿ. ಒಂದು ಕ್ರೈಸ್ತ ಕ್ಷೇತ್ರಕ್ಕೆ ಪೈಗಂಬರರ ಮಗಳ ಹೆಸರು ಬಂದುದು ಹೇಗೆಂದು ಕೆಲವರು ಬೆರಗಾಗಬಹುದು. ಆ ದೇಶವನ್ನು ಅನೇಕ ಶತಮಾನಗಳ ಕಾಲ ಮುಸಲ್ಮಾನರು ಆಳಿದರಷ್ಟೆ. ಅರಬ್ಬೀ ಹೆಸರಿನ ಊರುಗಳು ಅಲ್ಲಿ ಇನ್ನೂ ಎಷ್ಟೋ ಇವೆ.

ಸಣ್ಣ ತಂಡದ ಮೊದಲನೆಯ ಲಾಭವೆಂದರೆ ಈ ಒಂದೂವರೆ ಗಂಟೆಯೇ. ಐವತ್ತು ಜನರ ದೊಡ್ಡ ಬಸ್ಸಿನಲ್ಲಿ ಮಾರ್ಗದರ್ಶಕನ ಮಾತು ಯಂತ್ರದ ಮೂಲಕ ಕೇಳಿಬರುತ್ತದೆ. ಎದುರು ಪ್ರಶ್ನೆ ಕೇಳುವಂತಿಲ್ಲ. ಎಂಟು ಆಸನಗಳ ಗಾಡಿಯಲ್ಲಿ ಗಾಡಿ ನಡೆಸುವವನೇ ಕಥೆಯನ್ನೂ ಹೇಳುತ್ತಾನೆ. ಹಿಂದೆ ಕುಳಿತವರು ನಡುವೆ ಬಾಯಿ ಹಾಕಬಹುದು. ನಮಗೆ ದೊರೆತವನು ತಿಳಿವಳಿಕಸ್ಥನಾಗಿದ್ದನು. ಅವನು ಹೇಳಿದ ವೃತ್ತಾಂತವು ಗ್ರಂಥಗಳಲ್ಲಿಯೂ ಇರುವುದೇ.

೧೯೧೭ರಲ್ಲಿ ಫಾತಿಮಾ ಸೀಮೆಯ ಅಲ್ಜುಸ್ಟ್ರೆಲ್ ಎಂಬ ಹಳ್ಳಿಯಲ್ಲಿ ಕುರಿ ಕಾಯುವ ಮೂವರು ಮಕ್ಕಳಿದ್ದರು. ಹಿರಿಯಳಾದ ಲೂಸಿಯಾಳಿಗೆ ಹತ್ತು ವರ್ಷ. ಅವಳ ಸೋದರತ್ತೆಯ ಮಕ್ಕಳಾದ ಫ್ರಾನ್ಸಿಸ್ಕೊ ಮತ್ತು ಜಸಿಂತಾ ಇನ್ನೂ ಚಿಕ್ಕವರು. ಆ ವರ್ಷದ ಮೇ ೧೩ರಂದು ಕೋವ ದ ಇರಿಯಾ ಎಂಬ ತಗ್ಗಿನ ಬಯಲಿನಲ್ಲಿ, ಒಂದು ಚಿಕ್ಕ ಓಕ್ ಗಿಡದ ಮೇಲೆ ಬೆಳಕಿನಂತಹ ಒಬ್ಬ ಸ್ತ್ರೀಯನ್ನು ಕಂಡೆವೆಂದೂ, ಪ್ರತಿ ತಿಂಗಳೂ ಅದೇ ದಿನ ಬರಬೇಕೆಂದು ಆಕೆ ಹೇಳಿದಳೆಂದೂ ಮಕ್ಕಳು ತಿಳಿಸಿದರು. ಹೆತ್ತ ತಾಯಿಯೇ ಲೂಸಿಯಾಳನ್ನು ನಂಬಲಿಲ್ಲ; ಸುಳ್ಳಾಡುತ್ತೀಯೆಂದು ಹೊಡೆದಳು. ಇದರಲ್ಲಿ ಆ ತಾಯಿಯ ತಪ್ಪೇನೂ ಇರಲಿಲ್ಲವೆಂದು ನಮ್ಮ ಮನೆಯವರ ಅಭಿಪ್ರಾಯ. ಆ ಬಯಲು ಲೂಸಿಯಾಳ ಮನೆತನದ ಹೊಲವಾಗಿತ್ತು. ತಿಂಗಳು ತಿಂಗಳಿಗೂ ಹೆಚ್ಚುತ್ತ ಬಂದ ಜನರೂ ಅವರ ಪಶುಗಳೂ ತುಳಿದು ಬೆಳೆಯೆಲ್ಲ ಹಾಳಾಯಿತು. ಬಡ ಒಕ್ಕಲಿನ ಮನೆಯಲ್ಲಿ ಇದು ಎಂಥ ಸಂಕಟವೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪೋರ್ತುಗಾಲದಲ್ಲಿ ೧೯೧೦ರಲ್ಲಿ ರಾಜಪ್ರಭುತ್ವವು ಹೋಗಿ ಗಣರಾಜ್ಯವು ಬಂದಿತ್ತು. ಹೊಸ ಸರಕಾರಕ್ಕೂ ಕ್ರೈಸ್ತಸಭೆಗೂ ಹಗೆತನವಿತ್ತು. ಆಗಸ್ಟ್ ೧೩ರಂದು ಅಲ್ಲಿಯ ಅಧಿಕಾರಿಯು ಮಕ್ಕಳನ್ನು ಹಿಡಿದುಕೊಂಡು ಹೋಗಿ, ನಿಜವನ್ನು ಬಾಯಿಬಿಡಿರೆಂದು ಬೆದರಿಸಿದನು. ಮಕ್ಕಳು ಮಾತು ಬದಲಿಸಲಿಲ್ಲ. ಅಕ್ಟೋಬರ್ ೧೩ರಂದು ಮಳೆಯಲ್ಲಿ ನೆನೆಯುತ್ತ ಹತ್ತಾರು ಸಾವಿರ ಜನ ನೆರೆದಿದ್ದರು. ಮೋಡ ಹರಿದು ಸೂರ್ಯನು ಚಕ್ರದಂತೆ ತಿರುಗಿದನೆಂದು ಅನೇಕರು ಹೇಳಿದರು. ಏನನ್ನೂ ಕಾಣಲಿಲ್ಲವೆಂದವರೂ ಇದ್ದರು. ಕ್ರೈಸ್ತಸಭೆಯ ಪಕ್ಷಪಾತಿಯಲ್ಲದ ‘ಓ ಸೆಕುಲು’ ಎಂಬ ಲಿಸ್ಬನ್ನಿನ ಪತ್ರಿಕೆಯೂ ಈ ಸಂಗತಿಯನ್ನು ವಿಸ್ತಾರವಾಗಿ ಅಚ್ಚುಮಾಡಿತು. ಹಲವು ವರ್ಷಗಳ ವಿಚಾರಣೆಯಾದ ಮೇಲೆ ೧೯೩೦ರಲ್ಲಿ ಲೈರಿಯಾದ ಬಿಷಪ್ಪರು ಇದನ್ನು ನಂಬಲು ಯೋಗ್ಯವಾದುದೆಂದು ಸಾರಿದರು. ಯೋಗ್ಯವೆಂಬ ಮಾತನ್ನು ಗಮನಿಸಬೇಕು. ನಂಬಲೇಬೇಕೆಂಬ ಕಟ್ಟು ಕ್ಯಾಥೊಲಿಕರಿಗೂ ಇಲ್ಲ.

ಚಿಕ್ಕವರಿಬ್ಬರೂ ಲೋಕವನ್ನೇ ವ್ಯಾಪಿಸಿದ ಇನ್‌ಫ್ಲುಯೆನ್ಜಾ ಬೇನೆಗೆ ಸಿಕ್ಕಿ, ಫ್ರಾನ್ಸಿಸ್ಕೊ ೧೯೧೯ರಲ್ಲಿಯೂ ಜಸಿಂತಾ ೧೯೨೦ರಲ್ಲಿಯೂ ತೀರಿಕೊಂಡರು. ಲೂಸಿಯಾ ಸಂನ್ಯಾಸಿನಿಯಾಗಿ ೨೦೦೫ರವರೆಗೆ ಬದುಕಿದ್ದಳು. ೨೦೧೭ರ ಮೇ ೧೩ರಂದು, ನೂರು ವರ್ಷ ತುಂಬಿದ ದಿನ, ಪೋಪ್ ಫ್ರಾನ್ಸಿಸರು ಆ ಅಣ್ಣತಂಗಿಯರನ್ನು ಸಂತರ ಪಂಕ್ತಿಗೆ ಸೇರಿಸಿದರು. ಮೂವರ ಸಮಾಧಿಗಳೂ ಅಲ್ಲಿಯ ಹಳೆಯ ಮಹಾಮಂದಿರದಲ್ಲಿವೆ.

ಗಾಡಿಯಿಂದಿಳಿದವನಿಗೆ ಮೊದಲು ಕಾಣುವುದು ಬಯಲು. ಲಕ್ಷಗಟ್ಟಲೆ ಜನ ಹಿಡಿಸುವ, ಕಲ್ಲು ಹಾಸಿದ, ನೆರಳಿಲ್ಲದ ವಿಶಾಲವಾದ ಅಂಗಳ. ಒಂದು ತುದಿಯಲ್ಲಿ ೧೯೨೮ರಲ್ಲಿ ತೊಡಗಿ ೧೯೫೩ರಲ್ಲಿ ಪ್ರತಿಷ್ಠಿತವಾದ, ೬೫ ಮೀಟರ್ ಎತ್ತರದ ಗೋಪುರವುಳ್ಳ ಬಿಳಿಯ ಮಂದಿರ. ಮತ್ತೊಂದು ತುದಿಯಲ್ಲಿ ೨೦೦೭ರಲ್ಲಿ ಕಟ್ಟಿದ, ಎಂಟು ಸಾವಿರಕ್ಕೂ ಹೆಚ್ಚು ಜನ ಕುಳಿತುಕೊಳ್ಳಬಹುದಾದ ದುಂಡು ಮಂದಿರ. ಹೊಸ ಮಂದಿರವು ನಮಗೆ ಸಭಾಭವನದಂತೆ ಕಂಡಿತು; ಅದರ ಮಾತು ಸಾಕು. ಕ್ಷೇತ್ರದ ಪ್ರಾಣವಿರುವುದು ಇವೆರಡರಲ್ಲಿಯೂ ಅಲ್ಲ. ಅಂಗಳದ ಒಂದು ಮಗ್ಗುಲಿಗೆ, ದೊಡ್ಡ ಚಪ್ಪರದ ಕೆಳಗೆ, ನಮ್ಮ ಹಳ್ಳಿಯ ಗುಡಿಯಷ್ಟೇ ಇರುವ ಒಂದು ಪುಟ್ಟ ಪ್ರಾರ್ಥನಾಲಯವಿದೆ. ಜನರು ೧೯೧೯ರಲ್ಲಿ ಇದನ್ನು ಕಟ್ಟಿದರು. ೧೯೨೨ರಲ್ಲಿ ಯಾರೋ ಸಿಡಿಮದ್ದಿಟ್ಟು ಹಾರಿಸಿದರು. ಜನರು ತಿರುಗಿ ಕಟ್ಟಿದರು. ಮಕ್ಕಳು ಹೇಳಿದ ಗಿಡವು ಇದ್ದ ಎಡೆಯಲ್ಲಿ ಈಗ ಮಾತೆಯ ವಿಗ್ರಹವಿದೆ. ಗಿಡವೇ ಉಳಿಯಲಿಲ್ಲ, ಭಕ್ತರು ಒಂದೊಂದು ಎಲೆ, ಒಂದೊಂದು ಕಡ್ಡಿಯಾಗಿ ಕಿತ್ತು ಮನೆಗೊಯ್ದರು. ೧೯೮೧ರ ಮೇ ೧೩ರಂದು ಪೋಪ್ ಎರಡನೆಯ ಜಾನ್ ಪಾಲರ ಮೇಲೆ ರೋಮಿನಲ್ಲಿ ಗುಂಡು ಹಾರಿತಷ್ಟೆ. ತಾವು ಬದುಕಿದುದು ಮಾತೆಯ ಕೃಪೆಯೆಂದು ನಂಬಿದ ಅವರು ಆ ಗುಂಡನ್ನು ಇಲ್ಲಿಗೆ ಒಪ್ಪಿಸಿದರು. ಅದನ್ನು ವಿಗ್ರಹದ ಕಿರೀಟದಲ್ಲಿ ಕೂಡಿಸಿದ್ದಾರೆ.

ಪಕ್ಕದಲ್ಲಿ ಮೇಣದ ಬತ್ತಿಗಳನ್ನು ಉರಿಸುವ ಸ್ಥಳ. ಬತ್ತಿಗಳೊಡನೆ ಮೇಣದಿಂದ ಮಾಡಿದ ಕೈ, ಕಾಲು, ಶಿರಸ್ಸು, ಎಳೆಮಗುವಿನ ಆಕೃತಿ ಇವುಗಳನ್ನೂ ಜನರು ಬೆಂಕಿಗೆ ಒಪ್ಪಿಸುತ್ತಾರೆ. ನಮ್ಮ ದೇವಸ್ಥಾನಗಳಲ್ಲಿ ಬೆಳ್ಳಿಯ ಕಣ್ಣುಗಳನ್ನು ಹರಕೆಯೊಪ್ಪಿಸುವುದನ್ನು ಕಂಡವರಿಗೆ ಇದರ ಅರ್ಥವನ್ನು ಯಾರೂ ಹೇಳಬೇಕಾಗಿಲ್ಲ. ಚಪ್ಪರದಲ್ಲಿ ಜಪಸರದ ಪ್ರಾರ್ಥನೆ ನಡೆಯುತ್ತಿತ್ತು. ಅದಕ್ಕೆ ಪೋರ್ತುಗೀಸರು ‘ತೇರ್ಸು’ ಎನ್ನುತ್ತಾರೆ. ಗೋವೆಯಿಂದ ಬಂದು ಮಂಗಳೂರಿನ ಕಡೆ ನೆಲಸಿದ ಕೊಂಕಣಿ ಕ್ರೈಸ್ತರು ಸಂಜೆಯ ಹೊತ್ತು ಮನೆಮಂದಿಯೆಲ್ಲ ಕೂಡಿ ಹೇಳುವ ‘ತೆರ್ಸ್’ ಇದೇ. ಕನ್ನಡನಾಡಿನಲ್ಲಿ ಕಿವಿಗೆ ಬಿದ್ದ ಮಾತು ಇಷ್ಟು ದೂರದಲ್ಲಿ ತನ್ನ ತವರಿನಲ್ಲಿಯೇ ಸಿಕ್ಕಿದಂತಾಯಿತು.

ಇಷ್ಟನ್ನೆಲ್ಲ ನೋಡಲು ನಮಗೆ ಗೊತ್ತುಮಾಡಿದ್ದ ಕಾಲವು ಒಂದೂವರೆ ಗಂಟೆ. ಇಲ್ಲಿಯೇ ಈ ಏರ್ಪಾಡಿನ ದೋಷವಿದೆ. ಹತ್ತು ಗಂಟೆಯ ಪ್ರಯಾಣದಲ್ಲಿ ಫಾತಿಮಾ ಒಂದೂವರೆ ಗಂಟೆ, ಬತಾಲ್ಯ ಮಠ ಮುಕ್ಕಾಲು ಗಂಟೆ, ನಜರೆಯ ಸಮುದ್ರತೀರದಲ್ಲಿ ಊಟಕ್ಕೆ ಒಂದೂವರೆ ಗಂಟೆ, ಕೋಟೆಯೂರಾದ ಓಬಿದುಶ್‌ನಲ್ಲಿ ಒಂದು ಗಂಟೆ; ಉಳಿದದ್ದು ರಸ್ತೆ. ಪತ್ರಿಕೆಯಲ್ಲಿ ದೊಡ್ಡಕ್ಷರಗಳಲ್ಲಿರುವ ಹೆಸರಿಗೆ ಊಟಕ್ಕಿಂತ ಹೆಚ್ಚು ಕಾಲವಿಲ್ಲ!

ನಮ್ಮ ತಂಡದಲ್ಲಿ ಬ್ರೆಜಿಲ್ ದೇಶದ ಒಬ್ಬ ಮುದುಕಿಯು ಸೊಸೆಯೊಡನೆ ಬಂದಿದ್ದರು. ಅಂಗಳದಲ್ಲಿ ಪ್ರಾರ್ಥನಾಲಯದವರೆಗೆ ಇಳಿಜಾರಾಗಿ ನುಣುಪು ಕಲ್ಲಿನ ಒಂದು ಪಟ್ಟಿಯಿದೆ. ಹರಕೆ ಹೊತ್ತವರು ಅದರ ಮೇಲೆ ಮೊಣಕಾಲೂರಿ ಸಾಗುತ್ತಾರೆ; ನಮ್ಮಲ್ಲಿಯ ಉರುಳುಸೇವೆಯನ್ನು ನೆನೆದುಕೊಂಡರೆ ಸರಿ. ಕಾಯಿಲೆಯಿಂದ ಎದ್ದ ಮೊಮ್ಮಗನಿಗಾಗಿ ಆಕೆಯೂ ಅದನ್ನು ಹೊತ್ತಿದ್ದರು. ಅಷ್ಟು ದೂರದಿಂದ ಬಂದುದೇ ಅದಕ್ಕೆ. ಆದರೆ ಮಾರ್ಗದರ್ಶಕನು ಎರಡು ಮಂದಿರಗಳನ್ನೂ ಸಮಾಧಿಗಳನ್ನೂ ತೋರಿಸಿ ಮುಗಿಸುವ ಹೊತ್ತಿಗೆ ಇಪ್ಪತ್ತೈದು ನಿಮಿಷ ಉಳಿದಿತ್ತು.

“ಸೆನ್ಯೋರಾ, ಇಷ್ಟು ಹೊತ್ತಿನಲ್ಲಿ ನಿಮ್ಮಿಂದ ಆಗಲಾರದು. ಅರ್ಧದಿಂದ ಆರಂಭಿಸಿದರೂ ಮಾತೆಯು ಒಪ್ಪಿಕೊಳ್ಳುತ್ತಾಳೆ,” ಎಂದು ಅವನು ಬಹಳ ವಿನಯದಿಂದ ಹೇಳಿದನಂತೆ. ಸೊಸೆಯು ನಮಗೆ ಇಂಗ್ಲಿಷಿನಲ್ಲಿ ತಿಳಿಸಿದಳು. ಮುದುಕಿಯು ಸಿಟ್ಟಾಗಲಿಲ್ಲ. ಪಾದರಕ್ಷೆಗಳನ್ನು ಕಳಚುತ್ತ, “ಪೂರ್ತಿಯಾಗಿ ಬರುತ್ತೇನೆಂದು ಹೇಳಿದ್ದೇನಪ್ಪಾ,” ಎಂದಿಷ್ಟೇ ಹೇಳಿ ಪಟ್ಟಿಯ ಮೇಲ್ತುದಿಗೆ ನಡೆದರು.

ಇದು ಗಾಡಿಯಲ್ಲಿದ್ದ ಎಲ್ಲರ ಕಾಲದ ಪ್ರಶ್ನೆ. ಎಲ್ಲರೂ ಹಣ ತೆತ್ತವರು. ಓಬಿದುಶ್‌ನಲ್ಲಿ ಚಾಕೊಲೇಟಿನ ಪುಟ್ಟ ಬಟ್ಟಲಿನಲ್ಲಿ ಕೊಡುವ ಚೆರ್ರಿ ಹಣ್ಣಿನ ಮದ್ಯದ ಮೇಲೆ ಮನಸ್ಸಿಟ್ಟಿದ್ದ ತರುಣನೊಬ್ಬನು ಗೊಣಗಿದನು. ಅವನ ಮಾತೂ ಅನ್ಯಾಯವಾದುದಲ್ಲ. ಮಾರ್ಗದರ್ಶಕನು ನಮ್ಮೆಲ್ಲರ ಮುಖವನ್ನೂ ನೋಡಿ, ಓಬಿದುಶನ್ನು ಬಿಟ್ಟರೆ ಇಲ್ಲಿ ಒಂದು ಗಂಟೆ ಹೆಚ್ಚು ನಿಲ್ಲಬಹುದೆಂದು ಹೇಳಿದನು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ತರುಣನೇ ಮೊದಲು ಆಗಲೆಂದನು. ಐವತ್ತು ಜನರ ಬಸ್ಸಿನಲ್ಲಿ ಇದು ಸಾಧ್ಯವಾಗುತ್ತಿರಲಿಲ್ಲವೆಂಬುದನ್ನು ಸಣ್ಣ ತಂಡದ ಪಕ್ಷದಲ್ಲಿ ಹೇಳಲೇಬೇಕು. ಮುದುಕಿಗೆ ಆ ಪಟ್ಟಿಯನ್ನು ದಾಟಲು ಮುಕ್ಕಾಲು ಗಂಟೆ ಹಿಡಿಯಿತು. ಸೊಸೆಯು ಒಂದು ಕೈ ಹಿಡಿದಿದ್ದಳು; ಆಕೆಯ ಚೀಲವನ್ನೂ ಪಾದರಕ್ಷೆಗಳನ್ನೂ ಎತ್ತಿಕೊಂಡು ನಮ್ಮ ಮನೆಯವರು ಪಕ್ಕದಲ್ಲಿ ನಡೆದರು.

ಹಣ ಕೊಡುವ ಮೊದಲು ಕ್ಷೇತ್ರದಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರೆಂದು ವಾಚಕರು ಕೇಳಬೇಕು. ಎಷ್ಟು ಸ್ಥಳಗಳನ್ನು ತೋರಿಸುತ್ತೀರೆಂದು ಕೇಳಬಾರದು. ಪಟ್ಟಿಯು ಉದ್ದವಾದಷ್ಟೂ ಲಾಭವೆಂಬ ಭ್ರಮೆಯಿಂದ ನಮ್ಮವರು ಕಾಶಿಯಲ್ಲಿಯೂ ಇದೇ ರೀತಿ ಓಡುವುದನ್ನು ನಾವು ಕಂಡಿದ್ದೇವೆ. ಫಾತಿಮಾ ಮತ್ತು ಬತಾಲ್ಯ ಎರಡನ್ನೇ ತೋರಿಸುವ ಏರ್ಪಾಡು ಸಿಕ್ಕಿದರೆ ಅದೇ ಮೇಲು. ೧೩೮೫ರಲ್ಲಿ ಪೋರ್ತುಗೀಸರು ಕಾಸ್ಟೀಲಿನ ಸೈನ್ಯವನ್ನು ಗೆದ್ದುದರ ನೆನಪಿಗೆ ಕಟ್ಟಿದ ಆ ಮಠದಲ್ಲಿ, ಮಾಡು ಹಾಕದೆ ಬಿಟ್ಟ ಮಂಟಪಗಳು ಆಕಾಶಕ್ಕೆ ತೆರೆದುಕೊಂಡು ನಿಂತಿವೆ. ಕಲ್ಲಿನ ಕುಸುರಿಯನ್ನು ನೋಡಿ ಹಳೆಬೀಡಿನವರಾದ ನಮಗೂ ತಲೆದೂಗಬೇಕೆನ್ನಿಸಿತು.

ಸಾಧ್ಯವಿದ್ದವರು ಒಂದು ರಾತ್ರಿ ಅಲ್ಲಿಯೇ ತಂಗುವುದು ಎಲ್ಲಕ್ಕೂ ಉತ್ತಮ. ಬೇಸಗೆಯ ತಿಂಗಳುಗಳಲ್ಲಿ ರಾತ್ರಿ ಒಂಬತ್ತೂವರೆಗೆ ಜಪಸರವು ಆರಂಭವಾಗಿ, ಅದಾದ ಮೇಲೆ ಸಾವಿರಾರು ದೀಪಗಳ ಮೆರವಣಿಗೆ ಹೊರಡುತ್ತದೆ. ಹಗಲಿನ ತಂಡಗಳು ಆ ಹೊತ್ತಿಗೆ ಲಿಸ್ಬನ್ನಿನಲ್ಲಿ ಊಟ ಮುಗಿಸಿರುತ್ತವೆ. ತಂಗಿದವರು ಮರುದಿನ ಬೆಳಿಗ್ಗೆ ಅಲ್ಜುಸ್ಟ್ರೆಲಿಗೆ ನಡೆದು ಹೋಗಿ, ಆ ಮಕ್ಕಳ ಗಿಡ್ಡ ಬಾಗಿಲಿನ ಮನೆಗಳನ್ನೂ ನೋಡಬಹುದು. ಮೇಯಿಂದ ಅಕ್ಟೋಬರಿನವರೆಗೆ ಪ್ರತಿ ತಿಂಗಳ ೧೨, ೧೩ನೆಯ ದಿನಗಳಲ್ಲಿ ಮಹಾ ಜನಸಂದಣಿ. ವಿಗ್ರಹವನ್ನು ಒಳಗೆ ಬಿಜಯಮಾಡಿಸುವಾಗ ಇಡೀ ಬಯಲೇ ಬಿಳಿಯ ಕೈವಸ್ತ್ರಗಳನ್ನು ಬೀಸಿ ಬೀಳ್ಕೊಡುತ್ತದೆ. ಅದನ್ನು ನೋಡಬೇಕೆನ್ನುವವರು ಬಿಡಾರವನ್ನು ಬಹಳ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಮುದುಕರೂ ಮಕ್ಕಳೂ ಜೊತೆಗಿದ್ದರೆ ಆ ದಿನಗಳನ್ನು ಬಿಡುವುದೇ ಲೇಸು.

ಇನ್ನು ಕೆಲವು ಚಿಲ್ಲರೆ ಮಾತುಗಳು. ಕ್ಷೇತ್ರದ ಒಳಗೆ ಹೋಗಲು ಹಣವಿಲ್ಲ. ಬಲಿಪೂಜೆ ನಡೆಯುವಾಗ ಅನ್ಯಮತದವರೂ ಹಿಂದೆ ಕುಳಿತು ನೋಡಬಹುದು. ಆದರೆ ಪರಮಪ್ರಸಾದದ ಸಾಲಿನಲ್ಲಿ ಮಾತ್ರ ನಿಲ್ಲಬಾರದು. ಪ್ರಸಾದವೆಂದರೆ ಕೈಯೊಡ್ಡುವುದು ನಮ್ಮ ಮರ್ಯಾದೆ. ಅಲ್ಲಿ ಅದು ದೀಕ್ಷೆ ಪಡೆದ ಕ್ಯಾಥೊಲಿಕರಿಗೆ ಮೀಸಲು. ಹರಕೆಯವರ ಭಾವಚಿತ್ರವನ್ನು ಎದುರು ನಿಂತು ತೆಗೆಯುವುದು ಸಭ್ಯತೆಯಲ್ಲ. ಬಯಲಿನಲ್ಲಿ ಬಿಸಿಲು ಬಲವಾದುದರಿಂದ ಕೊಡೆಯಿರಲಿ. ಸ್ವಂತವಾಗಿ ಹೋಗುವವರು ಲಿಸ್ಬನ್ನಿನಿಂದ ಬಸ್ಸನ್ನೇ ಹಿಡಿಯಬೇಕು. ಫಾತಿಮಾ ಎಂಬ ಹೆಸರಿನ ರೈಲು ನಿಲ್ದಾಣವೊಂದಿದೆ. ಹೆಸರನ್ನು ನಂಬಿ ಅಲ್ಲಿಳಿದವರಿಗೆ ಕ್ಷೇತ್ರವು ಇನ್ನೂ ಸುಮಾರು ೨೦ ಕಿಲೋಮೀಟರು ದೂರವಿರುತ್ತದೆ.